ಅಜ್ಜಾರು ಮೌನ ಹಿಡಿದ ದಿನ

ಹೊಳೆದಂಡೆಯ ಆ ಸಣ್ಣ ಮಠದಲ್ಲಿ ಇದ್ದವರು ಇಬ್ಬರೇ. ಊರವರೆಲ್ಲ ‘ಅಜ್ಜಾರು’ ಎಂದು ಕರೆಯುತ್ತಿದ್ದ ವಯಸ್ಸಾದ ಗುರುಗಳು, ಮತ್ತು ಅವರ ಶಿಷ್ಯ ನಿಜಗುಣ.

ನಿಜಗುಣನ ಅಕ್ಷರ ಮುತ್ತು ಪೋಣಿಸಿದ ಹಾಗೆ. ಅದು ಅವನಿಗೂ ಗೊತ್ತಿತ್ತು ನೋಡಿ, ತಾಪತ್ರಯ ಅಲ್ಲೇ ಇದ್ದದ್ದು.

ಒಂದು ದಿನ ಹೊಳೆಕೇರಿಯ ಹುಲಿಗೆಮ್ಮ ಬಂದಳು. ಮಗಳು ದುರುಗಿ ಚೊಚ್ಚಲ ಬಸುರಿ, ಹೆರಿಗೆಗೆಂದು ತವರಿಗೆ ಬಂದಿದ್ದಳು. ಆಸ್ಪತ್ರೆ ಇರುವುದು ಆಚೆ ದಂಡೆಯಲ್ಲಿ. ಪಂಚಾಯಿತಿಯ ಹರಿಗೋಲು ತಳ ಕೊಳೆತು ಮೂಲೆಗೆ ಬಿದ್ದಿತ್ತು. ಸೇತುವೆ ಸುತ್ತಿ ಹೋಗೋಣವೆಂದರೆ ಅರ್ಧ ದಿನದ ದಾರಿ.

“ಶಾಸಕರಿಗೆ ಒಂದು ಅರ್ಜಿ ಬರಕೊಡ್ರಿ ಸ್ವಾಮ್ಯಾರ,” ಎಂದಳು.

ನಿಜಗುಣ ಮೂರು ದಿನ ಕೂತು ಬರೆದ. ಮೊದಲ ಪುಟವಿಡೀ ಶಾಸಕರ ಗುಣಗಾನ. ಎರಡನೆಯದರಲ್ಲಿ ಹೊಳೆಯ ಮಹಿಮೆ. ಹೇಗೂ ಬರೆಯುತ್ತಿದ್ದೇನಲ್ಲ ಎಂದು ಗುಡಿಯ ಸುಣ್ಣ, ಬೀದಿದೀಪ, ಸಂತೆಕಟ್ಟೆ, ಎಲ್ಲವನ್ನೂ ಸೇರಿಸಿದ. ಹರಿಗೋಲು, ಅದಿಲ್ಲದೆ ಗೋಳಾಡುವ ಒಬ್ಬ ತಾಯಿ ಬಂದದ್ದು ಒಂಬತ್ತನೇ ಪುಟದಲ್ಲಿ.

ಅಜ್ಜಾರು ಅದನ್ನು ಕೈಯಲ್ಲೂ ಮುಟ್ಟಲಿಲ್ಲ. “ಹುಲಿಗೆಮ್ಮನ್ನ ಕರಿ. ಆಕಿಗೆ ಓದಿ ಹೇಳು,” ಎಂದರು.

ನಿಜಗುಣ ರಾಗವಾಗಿ ಓದಿದ. ಕೇಳುತ್ತ ಕೇಳುತ್ತ ಹುಲಿಗೆಮ್ಮನ ಕಣ್ಣು ತುಂಬಿ ಬಂತು. ನಿಜಗುಣ ಒಳಗೊಳಗೇ ಉಬ್ಬಿದ.

“ಅಯ್ಯೋ ಪಾಪ!” ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಯಾವ ಊರಾಕಿರೀ ಇಕಿ? ಭಾಳ ಕಷ್ಟದಾಗ ಅದಾಳ.”

ನಿಜಗುಣನ ಮುಖ ಇಂಗು ತಿಂದ ಮಂಗನಂತಾಯಿತು.

ಅಜ್ಜಾರು ನಗಲಿಲ್ಲ. “ನಿನಗೇನು ಬೇಕವ್ವಾ?” ಎಂದು ಕೇಳಿದರು.

“ಒಂದು ಹರಿಗೋಲು, ಅದನ್ನ ನಡಸಾಕ ಒಬ್ಬ ಅಂಬಿಗ. ಹುಣ್ಣಿವಿ ಒಳಗ ಬೇಕ್ರಿ. ಆಮ್ಯಾಲೆ ನನ್ನ ಮಗಳಿಗೆ ದಿನ ತುಂಬತಾವು.”

“ಬರಕೋ,” ಎಂದರು ಅಜ್ಜಾರು ಶಿಷ್ಯನ ಕಡೆ ತಿರುಗಿ.

ಎರಡೇ ಸಾಲಾಯಿತು.

ಶಾಸಕರು ಅಮಾವಾಸ್ಯೆಗೊಮ್ಮೆ ಮಠಕ್ಕೆ ಬರುವವರು. ಜನ ತಮ್ಮ ಕಷ್ಟವನ್ನು ಅಜ್ಜಾರಿಗೆ ಹೇಳಬೇಕು, ಅಜ್ಜಾರು ಶಾಸಕರಿಗೆ ಹೇಳಬೇಕು. ಶಾಸಕರ ಮುಂದೆ ನೇರವಾಗಿ ಬಾಯಿ ಬಿಟ್ಟವರು ಆ ಊರಲ್ಲಿ ಯಾರೂ ಇರಲಿಲ್ಲ. ಅದೇ ರೂಢಿ.

“ನಾಳಿ ಅಮಾಸಿ. ನೀವಾ ಒಂದು ಮಾತು ಹೇಳ್ರಿ ಅಜ್ಜಾರ,” ಎಂದಳು ಹುಲಿಗೆಮ್ಮ.

“ನಾಳಿ ನಂದು ಮೌನ,” ಎಂದರು ಅಜ್ಜಾರು.

ನಿಜಗುಣ ಹೌಹಾರಿದ. ತಾನು ಮಠ ಸೇರಿದ ಹನ್ನೆರಡು ವರ್ಷದಲ್ಲಿ ಅವರು ಒಂದು ದಿನವೂ ಮೌನ ಹಿಡಿದದ್ದಿಲ್ಲ.

ಮರುದಿನ ಶಾಸಕರು ಬಂದರು, ಅಜ್ಜಾರಿಗೆ ಅಡ್ಡಬಿದ್ದು ಕೂತರು. ಜನ ಅಜ್ಜಾರ ಮುಖ ನೋಡಿದರು. ಅಜ್ಜಾರು ನೆಲ ನೋಡಿದರು. ಕಂಬದ ಮರೆಯಲ್ಲಿ ಹುಲಿಗೆಮ್ಮ ಚೀಟಿ ಹಿಡಿದು ಗಡಗಡ ನಡುಗುತ್ತಿದ್ದಳು.

ನಿಜಗುಣನಿಗೆ ತಡೆಯಲಾಗಲಿಲ್ಲ. “ಸಾಹೇಬ್ರ, ಈ ತಾಯಿ...”

ಅಜ್ಜಾರು ಅವನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದರು. ಬಿಡಲಿಲ್ಲ.

ಸಭೆ ಗಪ್ಪಾಯಿತು.

“ನಾನಾ ಹೇಳತೀನ್ರಿ,” ಎಂದಳು ಹುಲಿಗೆಮ್ಮ.

ಮುಂದೆ ಬಂದು ಚೀಟಿ ಕೊಟ್ಟಳು. ಅದರಲ್ಲಿದ್ದಷ್ಟನ್ನೇ ಬಾಯಲ್ಲೂ ಹೇಳಿದಳು.

“ಮೊದಲು ದಿನಾ ಎಷ್ಟು ಮಂದಿ ದಾಟತಿದ್ರಿ?” ಎಂದು ಕೇಳಿದರು ಶಾಸಕರು.

“ಸಾಲಿ ಹುಡುಗರಾ ಇಪ್ಪತ್ತಾರು ಮಂದಿರೀ. ಹೆಸರು ಬೇಕಂದ್ರ ಒಂದೊಂದಾ ಹೇಳತೀನಿ.”

“ಆತು, ನೋಡೂಣ ತಾಯಿ.”

“ಯಾವತ್ತು ನೋಡತೀರ್ರಿ? ನನ್ನ ಮಗಳ ಹೊಟ್ಟಿ ಕಾಯೂದಿಲ್ರಿ.”

ಶಾಸಕರು ಚೀಟಿಯನ್ನು ಇನ್ನೊಮ್ಮೆ ಓದಿದರು.

“ಗುರುವಾರ,” ಎಂದರು.

“ಗುರುವಾರ ಬರಲಿಲ್ಲಂದ್ರ ಶುಕ್ರವಾರ ನಿಮ್ಮ ಕಚೇರಿಗೆ ಬರತೀನ್ರಿ.”

ಗುರುವಾರ ಹರಿಗೋಲು ಬರಲಿಲ್ಲ. ಶುಕ್ರವಾರ ಆಕೆ ಸೇತುವೆ ಸುತ್ತಿಕೊಂಡು ನಡೆದೇ ಹೋದಳು. ಕಚೇರಿಯ ಬಾಗಿಲಲ್ಲಿ ನಿಂತು ಅದೇ ಎರಡು ಸಾಲು ಹೇಳಿದಳು. ಶನಿವಾರ ಹೊಸ ಹರಿಗೋಲು ಬಂತು, ಹಿಂದೆಯೇ ಅಂಬಿಗನೂ ಬಂದ.

ಹುಣ್ಣಿಮೆಗೆ ಒಂದು ದಿನ ಮೊದಲು ದುರುಗಿ ಅದರಲ್ಲೇ ಹೊಳೆ ದಾಟಿದಳು. ಹೆಣ್ಣು ಕೂಸು ಹುಟ್ಟಿತು. ಹುಲಿಗೆಮ್ಮ ಓಡೋಡಿ ಬಂದು ಮಠದಲ್ಲಿ ಸಕ್ಕರೆ ಹಂಚಿ ಹೋದಳು.

ಆಕೆ ಅತ್ತ ಹೋದ ಮೇಲೆ ನಿಜಗುಣ ಬಾಯಿ ಬಿಟ್ಟ. “ಅಜ್ಜಾರ, ನೀವು ಅವತ್ತು ಒಂದು ಮಾತು ಹೇಳಿದ್ರ ಆಕಿ ಅಷ್ಟು ನಡುಗೂದು ತಪ್ಪತಿತ್ತು. ಆಕಿ ತಡವರಿಸಿ ನಿಂತಿದ್ರ ಏನು ಗತಿ? ನಿಮಗ ಹೆದರಿಕಿ ಆಗಲಿಲ್ಲೇನು?”

“ಭಾಳ ಆತಪಾ,” ಎಂದರು ಅಜ್ಜಾರು. “ನಿನ್ನ ರಟ್ಟಿ ಯಾಕ ಹಿಡಿದಿದ್ದೆ ಅಂತ ತಿಳಿದಿ? ನಾನಾ ಎಲ್ಲಿ ಬಾಯಿ ಬಿಡತೀನೋ ಅಂತ.”

ನಿಜಗುಣನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಗುರುಗಳ ಮೇಲೆ ಅವನಿಗೆ ಅಷ್ಟು ಪ್ರೀತಿ ಎಂದೂ ಉಕ್ಕಿರಲಿಲ್ಲ.

ಅಷ್ಟರಲ್ಲಿ ಮೇಲಿನ ಕೇರಿಯ ಒಬ್ಬಾತ ಬಂದು ಕೈಮುಗಿದ. “ನಮ್ಮ ಕೇರಿಗೆ ಕುಡಿಯೋ ನೀರು ಬಂದು ತಿಂಗಳಾತ್ರಿ. ಒಂದು ಅರ್ಜಿ ಬರಕೊಡ್ರಿ. ಅಜ್ಜಾರು ಒಂದು ಮಾತು ಹೇಳಿಬಿಟ್ರ ಸಾಕು.”

ನಿಜಗುಣನ ಕೈ ತಾನಾಗಿ ಲೇಖನಿಗೆ ಹೋಯಿತು. ಅಲ್ಲೇ ನಿಂತಿತು.

“ಏನು ಮಾಡಲಿ ಅಜ್ಜಾರ?” ಎಂದು ಕೇಳಿದ.

“ಹುಲಿಗೆಮ್ಮನ ಮನಿ ತೋರಿಸು.”