ಏಳು ಬಾಯಿ ದಾಟಿ ಬಂದ ಹುಗ್ಗಿ

“ನಮ್ಮ ಅರಮನೆಯ ಪದ್ಧತಿಯಲ್ಲಿ ಕೂದಲೆಳೆಯಷ್ಟೂ ದೋಷವಿಲ್ಲ,” ಎಂದು ಹೊನ್ನಗಿರಿಯ ದೊರೆ ದೇವಭೂಪ ಗುಡುಗಿದ. “ಹುಗ್ಗಿ ಇಟ್ಟಿಗೆಯಾಗಿ ಬಂದರೆ ತಪ್ಪು ಅಡುಗೆಯವನದೇ. ನಾಡಿದ್ದು ತಿರುಮಲಯ್ಯ ಸೌಟು ಕೆಳಗಿಟ್ಟು ಊರು ಬಿಡಲಿ.”

ಪಾಪ, ತಿರುಮಲಯ್ಯನ ಹುಗ್ಗಿ ಒಲೆಯಿಂದ ಇಳಿಯುವಾಗ ಹೊಗೆಯಾಡುತ್ತಲೇ ಇತ್ತು. ಆದರೆ ದೊರೆಯ ಎಲೆಗೆ ಬೀಳುವ ಮೊದಲು ಅದು ಏಳು ಅಧಿಕಾರಿಗಳನ್ನು ದಾಟಬೇಕು. ಮುಚ್ಚಳ ತೆಗೆಯುವವನು ಒಬ್ಬ, ತೆಗೆದದ್ದು ನಿಜವೆಂದು ಸಾಕ್ಷಿ ಹೇಳುವವನು ಇನ್ನೊಬ್ಬ. ಏಳು ಜನವೂ ಒಂದೊಂದು ತುತ್ತು ತಿಂದು, ತಲೆದೂಗಿ, ಮುದ್ರೆ ಒತ್ತಬೇಕು. ವಿಷದ ಭಯಕ್ಕೆ ದೊರೆಯ ತಾತ ಮಾಡಿದ ಕಟ್ಟಳೆ ಅದು.

ಆಸ್ಥಾನದ ಜಾಣ ಸಿಂಗಣ್ಣ ಎದ್ದ. “ಪ್ರಭು, ಒಬ್ಬರು ರುಚಿ ನೋಡಿದರೆ ಸಾಲದೆ?”

“ಶಿವಶಿವಾ, ಹಿರಿಯರ ಪದ್ಧತಿ ಮುರಿಯುವುದೇ?” ಎಂದು ಏಳು ಜನವೂ ಕಿವಿ ಮುಚ್ಚಿಕೊಂಡರು.

“ಇವರೆಲ್ಲ ಒಪ್ಪಿದರೆ ಬದಲಾಯಿಸೋಣ,” ಎಂದ ದೊರೆ. ಹಾಲಿಗೆ ಮುಚ್ಚಳ ಹಾಕಲು ಬೆಕ್ಕಿನ ಒಪ್ಪಿಗೆ ಕೇಳಿದ ಹಾಗಾಯಿತು.

ಸಿಂಗಣ್ಣ ತಟ್ಟನೆ ಕೈಮುಗಿದ. “ನನ್ನದೇ ತಪ್ಪು ಪ್ರಭು. ಇಷ್ಟು ಒಳ್ಳೆಯ ಪದ್ಧತಿ ತಮಗೊಬ್ಬರಿಗೇ ಏಕೆ? ಈ ಮಹನೀಯರ ಜೀವವೂ ಅಮೂಲ್ಯ. ಇಂದಿನಿಂದ ಇವರ ಪ್ರತಿಯೊಬ್ಬರ ಮನೆಯ ಊಟಕ್ಕೂ ಉಳಿದ ಆರು ಜನ ಹೋಗಿ ಮುದ್ರೆ ಒತ್ತಲಿ.”

ರಾಜಮರ್ಯಾದೆ ಸಿಕ್ಕಿತೆಂದು ಏಳು ಜನವೂ ಉಬ್ಬಿಹೋದರು. ದೊರೆ ಅಪ್ಪಣೆ ಕೊಟ್ಟ.

ಆವತ್ತು ಮಧ್ಯಾಹ್ನದಿಂದ ಆರು ಮನೆ ಸುತ್ತಿ ಬರುವಷ್ಟರಲ್ಲಿ ಅವರವರ ಮನೆಯಲ್ಲಿ ದೀಪ ಹಚ್ಚಿದ್ದರು. ಅನ್ನ ಗಟ್ಟಿ, ಸಾರು ತಣ್ಣೀರು. ಮರುದಿನ ಹಿರಿಯ ಅಧಿಕಾರಿ ಹಂಪಯ್ಯನ ಹೆಂಡತಿ ಬಾಗಿಲಲ್ಲೇ ನಿಂತಳು. “ಮೂವತ್ತು ವರ್ಷದಿಂದ ನಾನು ಮಾಡೋ ಸಾರಿಗೆ ಈಗ ಊರವರ ಮುದ್ರೆ ಬೇಕಾ? ಮುದ್ರೆ ಒತ್ತಿದವರ ಮನೇಲೇ ಉಂಡ್ಕೊಂಡು ಬನ್ನಿ.”

ಮೂರನೆಯ ದಿನ ಬೆಳಗ್ಗೆಯೇ ಏಳು ಜನವೂ ದೊರೆಯ ಕಾಲಿಗೆ ಬಿದ್ದರು. “ಪ್ರಭು, ಒಬ್ಬ ಸಾಕು. ಅವನೂ ಬೇಗ ತಿನ್ನುವವನಾಗಿರಲಿ.”

ದೊರೆ ಒಪ್ಪಿದ. ಅಂದು ತಿರುಮಲಯ್ಯನ ಹುಗ್ಗಿ ಒಂದೇ ಬಾಯಿ ದಾಟಿ, ಹೊಗೆಯಾಡುತ್ತಲೇ ಎಲೆಗೆ ಬಂತು. ಜನ್ಮದಲ್ಲಿ ಬಿಸಿ ಕಾಣದ ದೊರೆ ಗಬಕ್ಕನೆ ಬಾಯಿಗಿಟ್ಟು ನಾಲಿಗೆ ಸುಟ್ಟುಕೊಂಡ.

ಹಂಪಯ್ಯನಿಗೆ ಜೀವ ಬಂತು. “ನೋಡಿದಿರಾ ಪ್ರಭು, ಬದಲಾವಣೆಯ ಫಲ! ಇನ್ನು ಊದಿ ಆರಿಸುವುದಕ್ಕೆ ಏಳು ಅಧಿಕಾರಿಗಳನ್ನು ನೇಮಿಸಬೇಕು.”

“ಖಂಡಿತ ನೇಮಿಸೋಣ,” ಎಂದ ಸಿಂಗಣ್ಣ. “ಮೊದಲು ನಿಮ್ಮ ಮನೆಯಿಂದಲೇ ಶುರುಮಾಡೋಣವೆ?”

ಹಂಪಯ್ಯ ಮೆಲ್ಲನೆ ಹಿಂದಕ್ಕೆ ಸರಿದ. ದೊರೆ ಸುಟ್ಟ ನಾಲಿಗೆಯಲ್ಲೇ ನಕ್ಕು, ಎರಡನೆಯ ತುತ್ತನ್ನು ತಾನೇ ಊದಿಕೊಂಡ. ತಿರುಮಲಯ್ಯನಿಗೆ ಬೆಳ್ಳಿಯ ಸೌಟು ಕೊಡಿಸಿ, ಸಿಂಗಣ್ಣನಿಗೆ ತನ್ನ ಪಕ್ಕದಲ್ಲೇ ಎಲೆ ಹಾಕಿಸಿದ.