ಸ್ಲೇಟಿನ ಮೇಲಿನ ಹಲ್ಲು

ಹೊಳೆದಂಡೆಯ ಪ್ರಾಣಿ ಆಸ್ಪತ್ರೆಯಲ್ಲಿ ಡಾಕ್ಟರ್ ನೀಲಾಂಬಿಕೆಯವರದ್ದು ಒಂದೇ ಕಟ್ಟಳೆ. ಹಲ್ಲಿನ ಎಕ್ಸ್-ರೇ ತೆಗೆದ ಮೇಲೆ ಶಿಷ್ಯ ಅದರಲ್ಲಿ ಕಂಡದ್ದನ್ನು ಸ್ಲೇಟಿನ ಮೇಲೆ ಚಿತ್ರವಾಗಿ ಬರೆಯಬೇಕು. ಬರೆದಾದ ಮೇಲೆಯೇ ಪ್ರಾಣಿಯ ಬಾಯಿಗೆ ಕೈ ಹಾಕಬೇಕು.

ಶಿಷ್ಯ ಚಿದಂಬರನಿಗೆ ಇದು ಒಳಗೊಳಗೇ ರೇಜಿಗೆ. ಚಿತ್ರ ಕಣ್ಣೆದುರಿಗೇ ಇರುವಾಗ ಅದಕ್ಕೊಂದು ನಕಲು ಯಾಕಪ್ಪ ಅಂತ. ಆದರೂ ಮೂರು ವರ್ಷದಿಂದ ಬರೆದೂ ಬರೆದೂ ಕೈ ಪಳಗಿತ್ತು.

ಒಂದು ಬೆಳಿಗ್ಗೆ ಅಂಬಿಗರ ದ್ಯಾವಪ್ಪ ಮೀನಿನ ಬುಟ್ಟಿಯಲ್ಲಿ ತನ್ನ ಮುದಿ ಬೆಕ್ಕನ್ನು ಹೊತ್ತು ತಂದ. ಹೆಸರು ಬೋರ, ವಯಸ್ಸು ಹದಿನಾಲ್ಕು.

“ನಾಕು ದಿನ ಆತು. ಮೀನು ಮೂಸಿ ನೋಡ್ತಾನೆ, ಬಾಯಿಗೆ ಹಾಕಂಗಿಲ್ಲ. ದೋಣಿಯಾಗೆ ನನ್ನ ಜೊತಿಗೆ ಇರೋನು ಇವನೊಬ್ಬನೇ.”

ಬೋರನಿಗೆ ಮತ್ತು ಬರುವ ಮದ್ದು ಕೊಟ್ಟು ಎಕ್ಸ್-ರೇ ತೆಗೆದರು. ಕೆಳದವಡೆಯಲ್ಲಿ ಎಡಕ್ಕೊಂದು, ಬಲಕ್ಕೊಂದು ಹಲ್ಲು ತೂತು ಬಿದ್ದಿದ್ದವು. ವಯಸ್ಸಾದ ಬೆಕ್ಕುಗಳಲ್ಲಿ ಹೀಗಾಗುವುದುಂಟು, ಮೈಯೇ ತನ್ನ ಹಲ್ಲನ್ನು ಕರಗಿಸಿಕೊಳ್ಳುತ್ತದೆ.

ಅಷ್ಟರಲ್ಲಿ ಅಂಗಳಕ್ಕೆ ಕರು ಹಾಕಲಾಗದೆ ಒದ್ದಾಡುತ್ತಿದ್ದ ಎಮ್ಮೆಯೊಂದು ಬಂತು.

“ಎರಡೂ ಹಲ್ಲು ಬರಿ. ಬರೆದು ಎಡದಿಂದ ಶುರು ಮಾಡು,” ಅಂದು ಗುರು ಹೊರಗೆ ಹೋದರು.

ಚಿದಂಬರ ಬರೆದ. ಎರಡು ಹಲ್ಲು, ಅವುಗಳ ಬೇರು, ಬೇರಿನ ಸುತ್ತ ಅದನ್ನು ಎಲುಬಿನಿಂದ ಬೇರ್ಪಡಿಸುವ ತೆಳುವಾದ ಗೆರೆ. ಸ್ಲೇಟು ಪಕ್ಕಕ್ಕಿಟ್ಟು ಕೆಲಸ ಹಿಡಿದ.

ಎಡದ ಹಲ್ಲಿನ ಮೇಲ್ಭಾಗ ಸಲೀಸಾಗಿ ಬಂತು. ಬೇರು ಬರಲಿಲ್ಲ. ಇನ್ನಷ್ಟು ಅಗೆದ. ರಕ್ತ ಬಂತೇ ಹೊರತು ಬೇರು ಸಿಗಲಿಲ್ಲ.

ಹೋದ ವರ್ಷ ಚುಕ್ಕಿ ಎಂಬ ಬೆಕ್ಕಿನ ಬಾಯಲ್ಲಿ ಅವನು ಬೇರಿನ ಚೂರೊಂದನ್ನು ಬಿಟ್ಟುಬಿಟ್ಟಿದ್ದ. ಅಲ್ಲಿ ಕೀವಾಯಿತು. ಚುಕ್ಕಿ ಒಂಬತ್ತು ದಿನ ಉಪವಾಸವಿದ್ದು ಸತ್ತಿತು. ಆ ಸಂಕಟ ಅವನನ್ನು ಇನ್ನೂ ಬಿಟ್ಟಿರಲಿಲ್ಲ. ಇನ್ನು ಯಾವ ಬಾಯಲ್ಲೂ ಬೇರು ಬಿಡುವುದಿಲ್ಲ ಅಂತ ಅವತ್ತೇ ಆಣೆ ಮಾಡಿಕೊಂಡಿದ್ದ.

ಗುರು ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು.

“ಏನು ಹುಡುಕ್ತಿದ್ದೀ?”

“ಬೇರು, ಅಮ್ಮ. ಸಿಗ್ತಾ ಇಲ್ಲ.”

“ಕೈ ತೆಗಿ.”

“ಇನ್ನೊಂಚೂರು ಅಗೆದರೆ...”

“ಬೋರನ ದವಡೆ ಎಷ್ಟು ದಪ್ಪ ಇದೆ?”

“ಪೆನ್ಸಿಲಿನಷ್ಟು.”

“ಅದರಲ್ಲಿ ಎಷ್ಟು ಉಳಿಸಿದ್ದೀ?”

ಚಿದಂಬರ ಕೈ ತೆಗೆದ. ಗುರು ಸ್ಲೇಟನ್ನು ಎತ್ತಿ ಎಕ್ಸ್-ರೇ ಪರದೆಯ ಪಕ್ಕ ಹಿಡಿದರು.

“ಎರಡೂ ಹಲ್ಲಿಗೆ ಗೆರೆ ಬರೆದಿದ್ದೀ. ಚಿತ್ರದಲ್ಲಿ ತೋರಿಸು.”

ಬಲದ ಹಲ್ಲಿನ ಸುತ್ತ ಕಪ್ಪು ಗೆರೆ ನಿಚ್ಚಳವಾಗಿತ್ತು. ಎಡಕ್ಕೆ ಬಂದಾಗ ಅವನ ಬೆರಳು ತಡವರಿಸಿತು. ಅಲ್ಲಿ ಬೇರು, ಎಲುಬು ಎಲ್ಲ ಒಂದೇ ಬೂದಿ ಬಣ್ಣ.

“ಇಲ್ಲ,” ಅಂದ.

“ಇಲ್ಲ ಅಂದ್ರೆ?”

“ಬೇರು ಆಗಲೇ ಕರಗಿ ಎಲುಬಾಗಿದೆ. ಕೀವಿಲ್ಲ. ಮೇಲಿಂದು ತೆಗೆದು, ನಯ ಮಾಡಿ, ಒಸಡು ಹೊಲಿದಿದ್ದರೆ ಸಾಕಿತ್ತು.”

“ಮತ್ತೆ ನೀನು ಅಗೀತಿದ್ದದ್ದು ಏನನ್ನ?”

“ದವಡೆಯನ್ನ.”

ಅವನಿಗೆ ನಾಚಿಕೆಯಾಯಿತು, ಭಯವೂ ಆಯಿತು. ಗುರು ಸೂಜಿದಾರ ಕೊಟ್ಟರು. ಅವನು ಹೊಲಿದ. ಬಲದ ಹಲ್ಲಿನ ಎರಡೂ ಬೇರುಗಳನ್ನು ಬುಡಸಮೇತ ತೆಗೆಸಿ, ಮತ್ತೊಂದು ಎಕ್ಸ್-ರೇ ನೋಡಿದ ಮೇಲೆಯೇ ಗುರು ಕುರ್ಚಿ ಎಳೆದುಕೊಂಡು ಕೂತರು. ಎಡದ ದವಡೆ ಮುರಿದಿರಲಿಲ್ಲ.

ಸಂಜೆ ಬೋರ ಮೀನಿನ ಗಂಜಿ ನೆಕ್ಕಿತು. ಮೊದಲು ಒಲ್ಲದ ಮನಸ್ಸಿನಿಂದ, ಆಮೇಲೆ ತಟ್ಟೆ ಸರಿಯುವ ಹಾಗೆ. ದ್ಯಾವಪ್ಪ ಹೆಗಲ ಮೇಲಿನ ವಸ್ತ್ರದಲ್ಲಿ ಕಣ್ಣು ಒರೆಸಿಕೊಂಡು ಬುಟ್ಟಿ ಎತ್ತಿಕೊಂಡ.

ಚಿದಂಬರ ಸ್ಲೇಟು ತೊಳೆಯಲು ಹೊಳೆಗೆ ಇಳಿದ. ಗುರು ಅಲ್ಲಿ ಮೆಟ್ಟಿಲ ಮೇಲೆ ಕಾಲು ತೊಳೆಯುತ್ತಿದ್ದರು.

“ಅಮ್ಮ, ಚಿತ್ರ ನನ್ನ ಕಣ್ಣೆದುರಿಗೇ ಇತ್ತು. ಅದರಲ್ಲಿ ಇಲ್ಲದ ಗೆರೆಯನ್ನ ನಾನು ಹೇಗೆ ಬರೆದೆ?”

ಗುರು ಸ್ಲೇಟನ್ನು ಇಸಕೊಂಡು ಎಡದ ಹಲ್ಲನ್ನು ನೋಡಿದರು.

“ಚೆನ್ನಾಗೇ ಬರೆದಿದ್ದೀ,” ಅಂದರು. “ಚುಕ್ಕಿಯ ಹಲ್ಲು ಥೇಟ್ ಹೀಗೇ ಇತ್ತು.”