ಒಂದೇ ಸೂಜಿಯ ಸೂರ್ಯ

"ಹೇಮಗಿರಿಯ ಪ್ರಜೆಗಳೇ, ಕೇಳಿ! ಕುವರಿ ಇಂದುಲೇಖೆಯ ಮೈ ಕರಗಿಸುತ್ತಿರುವ ರೋಗಕ್ಕೆ ಮದ್ದಿನ ಎಲೆ ಗವಿಯ ರಕ್ಕಸಿಯ ಬಳಿ ಇದೆ. ಅವಳ ಮೂರು ಒಗಟು ಬಿಡಿಸಿದವರು ಮಹಾರಾಜರಿಂದ ಬೇಡಿದ್ದನ್ನು ಪಡೆಯುವರು. ಸೋತವರನ್ನು ಅವಳು ನುಂಗುವಳು. ರೋಗವನ್ನು ಅರಮನೆಗೆ ತಂದವರು ಯಾರೇ ಆಗಲಿ, ಮಹಾರಾಜರು ಅವರ ತಲೆ ತೆಗೆಸುವರು!"

ಡಂಗುರ ನಿಂತ ಮೇಲೆ ಊರಿನಲ್ಲಿ ಯಾರೂ ಯಾರ ಮುಖವನ್ನೂ ನೇರವಾಗಿ ನೋಡಲಿಲ್ಲ.

ಮೊದಲು ಹೋದವನು ರಾಜವೈದ್ಯ. ರಾಜ ಜಯಕೇತು ಐದು ವರ್ಷದ ಮಗಳನ್ನು ಎದೆಗವಚಿಕೊಂಡು ಗವಿಯ ಮುಂದೆ ನಿಂತಿದ್ದ.

"ಮನೆಗೆ ಕಳ್ಳ ಹೊಕ್ಕು ಹತ್ತು ವರ್ಷವಾಯಿತು," ಎಂದಿತು ಒಳಗಿನ ದನಿ. "ಮನೆಯವನು ಉಣ್ಣುತ್ತಾನೆ, ನಗುತ್ತಾನೆ. ಕಳ್ಳನ ಸುಳಿವೇ ಇಲ್ಲ. ಯಾರವನು?"

"ಮುಪ್ಪು," ಎಂದ ವೈದ್ಯ ಗಡ್ಡ ನೀವುತ್ತ.

"ಐದು ವರ್ಷದ ಕೂಸಿಗೆ ಮುಪ್ಪೇ, ಪಂಡಿತ?"

ವೈದ್ಯನ ಪಾದರಕ್ಷೆಗಳಷ್ಟೇ ಹೊರಗುಳಿದವು.

ಮರುದಿನ ದಂಡನಾಯಕ ಬಂದ. ದಾಸಿಯರಿಗೆ ಚಾಟಿಯೇಟು ಕೊಟ್ಟು, ರೋಗ ತಂದವರೆಂದು ನಲವತ್ತು ಹೆಸರು ಓಲೆಯಲ್ಲಿ ಬರೆಸಿಕೊಂಡಿದ್ದ.

"ಕೇಳುವ ಮೊದಲೇ ಉತ್ತರ ತಂದೆಯಾ?" ರಕ್ಕಸಿ ಅವನನ್ನು ಓಲೆಯ ಸಮೇತ ನುಂಗಿದಳು.

ಮೂರನೆಯವನು ಬಳೆಗಾರ ಅಡಿವೆಪ್ಪ. ಹೆಗಲ ಮೇಲೆ ಬಳೆಯ ಗಂಟು, ಮಲಾರ.

"ನಿನಗೇನು ಗೊತ್ತೋ?" ಎಂದ ರಾಜ.

"ನಾನು ಒಳಮನೆಗಳಿಗೆ ಹೋಗುವವನು, ದೊರೆ. ಒಂದು ಮನೆಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಆಡದಿರುವುದು ನಮ್ಮ ಕಸುಬಿನ ಕಟ್ಟಳೆ." ಅವನು ಗವಿಯತ್ತ ತಿರುಗಿದ. "ಆ ಕಳ್ಳ ಈ ರೋಗವೇ, ತಾಯಿ. ರಕ್ತದಲ್ಲಿ ವರ್ಷಗಟ್ಟಲೆ ಅಡಗಿರುತ್ತದೆ."

ಒಳಗೆ ಹಲ್ಲು ಕಡಿದ ಸದ್ದು. "ಕೊಟ್ಟವನಿಗೆ ಕೊಟ್ಟದ್ದು ತಿಳಿಯದು, ಪಡೆದವಳಿಗೆ ಪಡೆದದ್ದು ತಿಳಿಯದು. ಅವಳು ಅದನ್ನೇ ಬಸಿರಿನ ಕೂಸಿಗೂ ಕೊಡುತ್ತಾಳೆ. ಏನದು?"

"ಅದೇ ರೋಗ. ಗಂಡನಿಂದ ಹೆಂಡತಿಗೆ, ಅವಳಿಂದ ಮಗುವಿಗೆ."

"ರಾಣಿಯ ಮೇಲೆ ಮಾತೇ!" ರಾಜ ಕತ್ತಿ ಹಿರಿದ.

ರಕ್ಕಸಿ ನಕ್ಕಳು. "ಒಂದು ದಾರಿಯಿದೆ. ಕತ್ತಿ ಹಿರಿದವನಿಗೆ ಕಾಣದು, ಪಕ್ಕದಲ್ಲಿ ಕುಳಿತವನಿಗೆ ಕಾಣುತ್ತದೆ. ದಾರಿ ಯಾವುದು? ತುದಿಯಲ್ಲಿ ನಿಂತವನಾರು?"

ಅಡಿವೆಪ್ಪ ಮಲಾರವನ್ನು ಕೆಳಗಿಳಿಸಿದ. ಬಳೆಗಳು ಸದ್ದು ಮಾಡಿದವು.

"ಯಾರಿಂದ ಯಾರಿಗೆ ಬಂತೆಂಬ ಸರಪಣಿಯೇ ಆ ದಾರಿ. ಹೆದರಿಸಿದರೆ ಸುಳ್ಳು ಹೆಸರುಗಳು ಬರುತ್ತವೆ. ನಾನು ಗಂಡ ಸತ್ತು ಬಳೆ ತೆಗೆಸಿಕೊಂಡ ಹತ್ತು ಹೆಂಗಸರ ಪಕ್ಕ ಕುಳಿತು ಕೇಳಿದೆ. ತುದಿಯಲ್ಲಿರುವವರ ಹೆಸರನ್ನು ಅವರ ಕಿವಿಯಲ್ಲಿ ಮಾತ್ರ ಹೇಳುತ್ತೇನೆ."

ಅವನು ರಾಜನ ಬಳಿ ಬಂದು ಪಿಸುಗುಟ್ಟಿದ:

"ಹತ್ತು ವರ್ಷದ ಹಿಂದೆ, ಗಡಿಯ ಯುದ್ಧಕ್ಕೆ ಮುನ್ನ ಹನ್ನೊಂದು ಮಂದಿ ಪ್ರಮಾಣ ಮಾಡಿ, ಒಂದೇ ಸೂಜಿಯಲ್ಲಿ ತೋಳಿಗೆ ಸೂರ್ಯನ ಹಚ್ಚೆ ಚುಚ್ಚಿಸಿಕೊಂಡರು. ಹತ್ತು ಮಂದಿ ಇದೇ ರೋಗದಿಂದ ಸತ್ತರು. ಹನ್ನೊಂದನೆಯವರ ಹೆಸರು ಹೇಳಲು ಆ ಹತ್ತು ಮಂದಿಯ ಹೆಂಡಿರಿಗೆ ಧೈರ್ಯವಿರಲಿಲ್ಲ, ದೊರೆ."

ರಾಜನ ಕೈ ಹಚ್ಚೆ ಮುಚ್ಚಿದ್ದ ತನ್ನ ತೋಳಬಂದಿಯ ಮೇಲೆ ಹೋಯಿತು. ಕತ್ತಿ ಕೆಳಗೆ ಬಿತ್ತು.

"ತಲೆ ತೆಗೆಸುವೆನೆಂದು ಡಂಗುರ ಸಾರಿಸಿದ್ದೇನಲ್ಲ," ಎಂದ ಅವನು.

"ಬೇಡಿದ್ದನ್ನು ಕೊಡುವೆನೆಂದೂ ಸಾರಿಸಿದ್ದೀರಿ. ತಲೆ ತೆಗೆಸುವ ಆಜ್ಞೆಯನ್ನು ಹಿಂದಕ್ಕೆ ಪಡೆಯಿರಿ. ಆ ಹತ್ತು ಮನೆಗಳಿಗೂ, ಅಲ್ಲಿನ ಕೂಸುಗಳಿಗೂ ಎಲೆ ಸಿಗಲಿ. ಯಾಕೆಂದು ಯಾರೂ ಕೇಳಕೂಡದು."

ಗವಿಯಿಂದ ಎಲೆಯ ಹೊರೆ ಉರುಳಿ ಬಂತು. "ಕಳ್ಳ ಸಾಯುವುದಿಲ್ಲ, ಮಲಗುತ್ತಾನೆ. ಎಲೆಯ ಕಷಾಯ ಒಂದು ದಿನ ಕುಡಿಯದಿದ್ದರೂ ಏಳುತ್ತಾನೆ!"

ಆಜ್ಞೆ ರದ್ದಾಯಿತೆಂದು ಡಂಗುರ ಮತ್ತೆ ಮೊಳಗಿತು. ಅಡಿವೆಪ್ಪ ಅರಮನೆಯ ಬಳೆಗಾರನಾದ. ಅವನ ಬಳೆಗಳ ಅಡಿಯಲ್ಲಿ ಏನಿದೆಯೆಂದು ಹತ್ತು ಮನೆಗಳಿಗೆ ಮಾತ್ರ ತಿಳಿದಿತ್ತು.

ಅರಮನೆಯಲ್ಲಿ ಮೂರು ಬಟ್ಟಲು ಕಷಾಯ ಸಿದ್ಧವಾಯಿತು. ರಾಣಿ ಗಂಡನ ಮುಖ ನೋಡದೆ ತನ್ನದನ್ನು ಕುಡಿದಳು.

"ಕಹಿಯಾ, ಅಪ್ಪಾ?" ಎಂದಳು ಕುವರಿ.

"ಕಹಿ, ಮಗಳೇ," ಎಂದು ರಾಜ ತನ್ನ ಬಟ್ಟಲನ್ನು ಬರಿದು ಮಾಡಿ ಅವಳಿಗೆ ತೋರಿಸಿದ.